ತೇಲುವ ವಿದ್ಯಾಪೀಠ ಮತ್ತು ಒಂದು ಪೆನ್ಸಿಲ್

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಲೋಕಜ್ಞಾನಕ್ಕೆ ಎರಡು ದಾರಿಗಳಿವೆ; ಒಂದನ್ನು ಹಿಡಿಯಲಾರದವನು ಇನ್ನೊಂದನ್ನಾದರೂ ಹಿಡಿಯಲಿ ಎಂಬುದು ಅದರ ಇಂಗಿತ. ಆದರೆ ಎರಡನ್ನೂ ಒಟ್ಟಿಗೇ ಹಿಡಿಯಬಾರದೇಕೆ? ಗ್ರಂಥಾಲಯ, ತರಗತಿ, ಅಧ್ಯಾಪಕರು, ಪರೀಕ್ಷೆ ಇವೆಲ್ಲವನ್ನೂ ಒಂದು ಹಡಗಿನೊಳಗೆ ಇರಿಸಿ, ವಿದ್ಯಾರ್ಥಿಗಳನ್ನು ಕರೆದುಕೊಂಡು, ಭೂಮಂಡಲವನ್ನೇ ಸುತ್ತಿ ಬರಬಾರದೇಕೆ? ಹೀಗೆ ಕೇಳಿದವರೂ ಇದ್ದಾರೆ, ಕೇಳಿದ್ದನ್ನು ಮಾಡಿ ತೋರಿಸಿದವರೂ ಇದ್ದಾರೆ. ಕಳೆದ ನೂರು ವರ್ಷಗಳ ಅವಧಿಯಲ್ಲಿ ಸಹಸ್ರಾರು ತರುಣ ತರುಣಿಯರು ಕಡಲ ಮೇಲೆ ಪಾಠ ಕೇಳಿ, ಬಂದರುಗಳಲ್ಲಿ ಲೋಕವನ್ನು ಕಂಡು ಮನೆಗೆ ಮರಳಿದ್ದಾರೆ.

ಇದು ಕೇವಲ ಕುತೂಹಲದ ಸಂಗತಿಯಲ್ಲ. ಮಕ್ಕಳನ್ನು ಪರದೇಶಕ್ಕೆ ಓದಲು ಕಳುಹಿಸಬೇಕೆಂಬ ಹಂಬಲ ಇಂದು ನಮ್ಮ ಅನೇಕ ಕುಟುಂಬಗಳಲ್ಲಿದೆ. ಅದಕ್ಕಾಗಿ ಮನೆಯನ್ನು ಅಡವಿಡುವವರಿದ್ದಾರೆ, ಬ್ಯಾಂಕಿನಿಂದ ದೊಡ್ಡ ಮೊತ್ತದ ಸಾಲ ಪಡೆಯುವವರಿದ್ದಾರೆ. ಹೋದವರು ಪದವಿ ಗಳಿಸುತ್ತಾರೆ, ಉದ್ಯೋಗ ಗಳಿಸುತ್ತಾರೆ, ಸಂತೋಷ. ಆದರೆ ದೂರ ಹೋದ ಮಾತ್ರಕ್ಕೆ ಮನುಷ್ಯನು ಕಲಿತಂತಾಯಿತೇ? ಕಣ್ಣು ಕಂಡದ್ದೆಲ್ಲವೂ ಜ್ಞಾನವಾಗುತ್ತದೆಯೇ? ಹಡಗಿನ ವಿದ್ಯಾಪೀಠಗಳ ಚರಿತ್ರೆ ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ವಿಫಲವೆನಿಸಿದ ಪ್ರಥಮ ಯಾನ

1926ರ ಸೆಪ್ಟೆಂಬರ್ ತಿಂಗಳಲ್ಲಿ ‘ರಿಂಡಾಂ’ ಎಂಬ ಉಗಿಹಡಗು ನ್ಯೂಯಾರ್ಕಿಗೆ ಎದುರಾಗಿರುವ ಹೊಬೋಕನ್ ಬಂದರಿನಿಂದ ಹೊರಟಿತು. ಅದರಲ್ಲಿದ್ದವರು ಸುಮಾರು 500 ಮಂದಿ ಅಮೆರಿಕನ್ ವಿದ್ಯಾರ್ಥಿಗಳು. ಯೋಜನೆಯ ಪ್ರವರ್ತಕರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಲಾಫ್. ಪುಸ್ತಕದಿಂದ ಬಂದ ಅರಿವಿಗಿಂತ ಸ್ವಾನುಭವದಿಂದ ಬಂದ ಅರಿವು ದೃಢವಾದುದು ಎಂಬುದು ಅವರ ನಂಬಿಕೆ. ಪ್ರಥಮ ಮಹಾಯುದ್ಧದ ಗಾಯ ಇನ್ನೂ ಮಾಯದಿದ್ದ ಆ ಕಾಲದಲ್ಲಿ, ಲೋಕವನ್ನು ಕಣ್ಣಾರೆ ಕಂಡ ಯುವಜನರು ಉತ್ತಮ ಪ್ರಜೆಗಳಾದಾರೆಂಬ ಆಶಯವೂ ಇದರ ಹಿಂದಿತ್ತು.

ಆದದ್ದೇನು? ಹೊರಡುವ ಮೊದಲೇ ವಿಶ್ವವಿದ್ಯಾನಿಲಯವು ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ಹಡಗು ಪೂರ್ವ ದೇಶಗಳನ್ನೂ ಯುರೋಪನ್ನೂ ಸುತ್ತಿ 1927ರ ಮೇ ತಿಂಗಳಲ್ಲಿ ಮರಳಿತು. ಆದರೆ ಅಷ್ಟರಲ್ಲಿ ವಿದ್ಯಾರ್ಥಿಗಳು ಬಂದರಿನ ಮದ್ಯದಂಗಡಿಗಳಲ್ಲಿ ನಡೆಸಿದ ಪುಂಡಾಟಿಕೆಯ ವರದಿಗಳು ಪತ್ರಿಕೆಗಳಲ್ಲಿ ಮೆರೆದಿದ್ದವು. ಪಾಠದ ವಿಷಯ ಹಿಂದೆ ಸರಿಯಿತು. ಕುಡಿತದ ಕಥೆ ಮುಂದೆ ಬಂತು. ಲಾಫ್ ತಮ್ಮ ಹುದ್ದೆಯನ್ನೇ ಕಳೆದುಕೊಂಡರು. ಇತಿಹಾಸಕಾರ್ತಿ ಟ್ಯಾಮ್ಸನ್ ಪೀಚ್ 2023ರಲ್ಲಿ ಈ ಯಾನದ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಅನುಭವವೂ ವಿದ್ಯೆಯೆಂದು ಒಪ್ಪಿಕೊಳ್ಳಬೇಕೇ, ಹಾಗೆ ಒಪ್ಪಿಕೊಳ್ಳುವ ಅಧಿಕಾರ ಯಾರದು ಎಂಬ ವಾದವೇ ಆ ಪ್ರಸಂಗದ ತಿರುಳೆಂದು ಅವರು ಗುರುತಿಸುತ್ತಾರೆ.

ಬೆಂಕಿಯಲ್ಲಿ ಬೇಯದ ಕನಸು

ಕನಸು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1963ರ ಅಕ್ಟೋಬರಿನಲ್ಲಿ ‘ಸಪ್ತಸಾಗರಗಳ ವಿಶ್ವವಿದ್ಯಾನಿಲಯ’ ಎಂಬ ಹೆಸರಿನಲ್ಲಿ ಇನ್ನೊಂದು ಹಡಗು ನ್ಯೂಯಾರ್ಕಿನಿಂದ ಹೊರಟಿತು. ಕ್ಯಾಲಿಫೋರ್ನಿಯಾದ ಉದ್ಯಮಿ ವಿಲಿಯಂ ಹ್ಯೂಸ್ ಅದರ ಸ್ಥಾಪಕರು. ಎರಡು ವರ್ಷಗಳೊಳಗೆ ಅಲ್ಲಿಯದೇ ಚಾಪ್ಮನ್ ಕಾಲೇಜು ಅದರ ಶೈಕ್ಷಣಿಕ ಹೊಣೆಯನ್ನು ಹೊತ್ತುಕೊಂಡಿತು.

ಮುಂದೆ ಹಾಂಕಾಂಗಿನ ಹಡಗು ದೊರೆ ಸಿ. ವೈ. ಟಂಗ್ ಈ ಕಾರ್ಯಕ್ಕೆ ಮನಸೋತರು. ಒಂದು ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಪ್ರಯಾಣಿಕ ನೌಕೆಯೆನಿಸಿದ್ದ ‘ಕ್ವೀನ್ ಎಲಿಜಬೆತ್’ ಹಡಗನ್ನು 1970ರಲ್ಲಿ ಕೊಂಡು, ಅದನ್ನು ತೇಲುವ ವಿಶ್ವವಿದ್ಯಾನಿಲಯವಾಗಿ ಮಾರ್ಪಡಿಸತೊಡಗಿದರು. ತಮ್ಮ ಹೆಸರಿನ ಅಕ್ಷರಗಳ ಧ್ವನಿಯನ್ನೇ ಬಳಸಿ ಅದಕ್ಕೆ ‘ಸೀವೈಸ್ ಯೂನಿವರ್ಸಿಟಿ’ ಎಂದು ನಾಮಕರಣ ಮಾಡಿದರು. ಕೆಲಸ ಮುಗಿಯುವ ಹಂತದಲ್ಲಿದ್ದಾಗ, 1972ರ ಜನವರಿ 9ರಂದು ಹಾಂಕಾಂಗ್ ಬಂದರಿನಲ್ಲೇ ಹಡಗಿಗೆ ಬೆಂಕಿ ಬಿತ್ತು. ಬೆಂಕಿ ನಂದಿಸಲು ಸುರಿದ ನೀರಿನ ಭಾರಕ್ಕೆ ಆ ಮಹಾನೌಕೆ ವಾಲಿ ಮಲಗಿತು. ಅಷ್ಟಾದರೂ ಟಂಗ್ ಎದೆಗುಂದಲಿಲ್ಲ. ಅವರು ಕೊಂಡಿದ್ದ ಇನ್ನೊಂದು ಚಿಕ್ಕ ಹಡಗು ‘ಯೂನಿವರ್ಸ್’ ಎಂಬ ಹೆಸರಿನಲ್ಲಿ 1990ರ ದಶಕದ ಮಧ್ಯಭಾಗದವರೆಗೂ ವಿದ್ಯಾರ್ಥಿಗಳನ್ನು ಹೊತ್ತು ಕಡಲನ್ನು ದಾಟಿತು.

ಇಂದು ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು ಇದೇ ಪರಂಪರೆ. ಶೈಕ್ಷಣಿಕ ಹೊಣೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಿಂದ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ, 2016ರಲ್ಲಿ ಅಲ್ಲಿಂದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಬಂತು. 2020ರಲ್ಲಿ ಕೊರೊನಾ ಮಹಾಮಾರಿಯಿಂದ ಯಾನಗಳು ನಿಂತು, 2022ರಲ್ಲಿ ಪುನಃ ಆರಂಭವಾದವು. ಈ ಹಡಗು ನಮ್ಮ ದೇಶಕ್ಕೂ ಅಪರಿಚಿತವಲ್ಲ. ಹಿಂದೆ ಹಲವು ವರ್ಷ ಚೆನ್ನೈಯಲ್ಲಿ, ತರುವಾಯ ಕೊಚ್ಚಿಯಲ್ಲಿ ಅದು ಲಂಗರು ಹಾಕಿದೆ.

ಹಡಗಿನ ದಿನಚರಿ

ಒಂದು ಯಾನದ ಅವಧಿ ಸುಮಾರು 100 ದಿನಗಳು. ಸುತ್ತುವುದು ಹತ್ತು ಹನ್ನೆರಡು ದೇಶಗಳನ್ನು. ಹಡಗು ನೀರಿನ ಮೇಲಿರುವಾಗ ಪಾಠ, ಬಂದರಿನಲ್ಲಿರುವಾಗ ಲೋಕ. ಕಡಲಿನಲ್ಲಿ ಸೋಮವಾರ, ಮಂಗಳವಾರ ಎಂಬ ಲೆಕ್ಕವಿಲ್ಲ; ‘ಎ’ ದಿನ, ‘ಬಿ’ ದಿನ ಎಂಬ ಎರಡೇ ದಿನಗಳು ಸರದಿಯಾಗಿ ಬರುತ್ತವೆ, ವಾರಾಂತ್ಯದ ರಜೆಯೂ ಇಲ್ಲ. ಎಲ್ಲರೂ ಕಡ್ಡಾಯವಾಗಿ ಕುಳಿತುಕೊಳ್ಳಬೇಕಾದ ಒಂದು ಪಾಠವುಂಟು. ಮುಂದೆ ಕಾಣಲಿರುವ ದೇಶದ ಚರಿತ್ರೆ, ಧರ್ಮ, ರಾಜಕೀಯ, ಆರ್ಥಿಕ ಸ್ಥಿತಿಗತಿ ಅದರ ವಿಷಯ. ಉಳಿದ ಪ್ರತಿಯೊಂದು ವಿಷಯದ ಅಧ್ಯಾಪಕರೂ ಯಾವುದಾದರೊಂದು ಬಂದರಿನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕ್ಷೇತ್ರಪಾಠಕ್ಕೆ ಕರೆದೊಯ್ಯಬೇಕು.

ಭೂಗೋಳದ ಪಾಠ ಇಲ್ಲಿ ನಕ್ಷೆಯಿಂದ ಇಳಿದು ಬದುಕಿಗೆ ಬರುತ್ತದೆ. ಹಡಗು ಸರಿದಂತೆ ರಾತ್ರಿಗೊಮ್ಮೆ ಗಡಿಯಾರವನ್ನು ಒಂದು ತಾಸು ತಿರುಗಿಸಬೇಕು. ಪೆಸಿಫಿಕ್ ಸಾಗರದಲ್ಲಿ ಪಶ್ಚಿಮಾಭಿಮುಖವಾಗಿ ದಿನಾಂಕ ರೇಖೆಯನ್ನು ದಾಟುವಾಗ ಒಂದು ದಿನವೇ ಮಾಯವಾಗುತ್ತದೆ. ಆ ದಿನ ಹುಟ್ಟುಹಬ್ಬವಿದ್ದವನಿಗೆ ಆ ವರ್ಷ ಹುಟ್ಟುಹಬ್ಬವೇ ಇಲ್ಲ! ಭೂಮಧ್ಯರೇಖೆಯನ್ನು ದಾಟುವಾಗ ನಾವಿಕರ ಹಳೆಯ ಪದ್ಧತಿಯಂತೆ ಸಮುದ್ರರಾಜ ನೆಪ್ಚೂನನ ಉತ್ಸವ ನಡೆಯುತ್ತದೆ. ಹುಡುಗರು ಮಾತ್ರವಲ್ಲ, ಹುಡುಗಿಯರೂ ಎಷ್ಟೋ ಮಂದಿ ಉಲ್ಲಾಸದಿಂದ ತಲೆ ಬೋಳಿಸಿಕೊಳ್ಳುತ್ತಾರೆ.

ಶಿಸ್ತು ಕಡಿಮೆಯಲ್ಲ. ನಿಗದಿತ ವೇಳೆಗೆ ಹಡಗಿಗೆ ಮರಳದವನು ತಡವಾದ ಅವಧಿಗೆ ತಕ್ಕಂತೆ ಮುಂದಿನ ಬಂದರಿನಲ್ಲಿ ಕೆಲವು ತಾಸು ಹಡಗಿನಲ್ಲೇ ಉಳಿಯಬೇಕಾಗುತ್ತದೆ. ಗೆಳೆಯರೆಲ್ಲ ಹೊಸ ನಾಡಿನಲ್ಲಿ ಇಳಿದು ನಡೆಯುವಾಗ ತಾನು ಕಟಕಟೆಗೆ ಒರಗಿ ನಿಂತು ನೋಡುವುದು ಸಣ್ಣ ಶಿಕ್ಷೆಯೇನಲ್ಲ.

ಅಧ್ಯಾಪಕರು ತಮ್ಮ ಸಂಸಾರ ಸಮೇತರಾಗಿ ಬರುವುದುಂಟು. ಗುರುವೂ ಶಿಷ್ಯನೂ ಒಂದೇ ಊಟದ ಮನೆಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಸಭೆಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2007, 2010 ಮತ್ತು 2013ರಲ್ಲಿ ಈ ಹಡಗಿನಲ್ಲಿ ಪ್ರಯಾಣ ಮಾಡಿ ವಿದ್ಯಾರ್ಥಿಗಳ ಜೊತೆ ಬಾಳಿದರು. ವರ್ಣಭೇದ ನೀತಿಯನ್ನು ಎದುರಿಸಿದ, ಬಳಿಕ ಸತ್ಯಶೋಧನೆ ಮತ್ತು ಸಂಧಾನದ ಆಯೋಗದ ಅಧ್ಯಕ್ಷ ಪೀಠದಲ್ಲಿ ಕುಳಿತು ನೊಂದವರ ಅಳಲನ್ನು ಕೇಳಿದ ಆ ಹಿರಿಯರು ಪಕ್ಕದ ಮೇಜಿನಲ್ಲಿ ಉಪಾಹಾರಕ್ಕೆ ಕುಳಿತಿರುವಾಗ, ಕ್ಷಮೆ ಎಂಬ ಶಬ್ದಕ್ಕೆ ಅರ್ಥಕೋಶ ತೆರೆಯುವ ಅಗತ್ಯ ಯಾರಿಗಿದೆ?

ಅಲೆಯೂ ಪ್ರಶ್ನೆಯೂ

ಇಂಥ ಯಾನವು ಒಬ್ಬ ವಿದ್ಯಾರ್ಥಿಯಲ್ಲಿ ಯಾವ ಪರಿವರ್ತನೆಯನ್ನು ತಂದೀತು ಎಂಬುದಕ್ಕೆ ಆಡಂ ಬ್ರೌನ್ ಎಂಬ ಅಮೆರಿಕನ್ ತರುಣನ ವೃತ್ತಾಂತ ಒಳ್ಳೆಯ ನಿದರ್ಶನ. ಆತನೇ ತನ್ನ ಅನುಭವವನ್ನು 2014ರಲ್ಲಿ ಪುಸ್ತಕವಾಗಿ ಬರೆದಿದ್ದಾನೆ.

ಬ್ರೌನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಆತ (ಹೆಸರಿನ ಸಾಮ್ಯ ಆಕಸ್ಮಿಕ) 2005ರ ಜನವರಿಯಲ್ಲಿ ‘ಎಕ್ಸ್‌ಪ್ಲೋರರ್’ ಹಡಗನ್ನೇರಿದ. ಸುಮಾರು 700 ವಿದ್ಯಾರ್ಥಿಗಳಿದ್ದ ಆ ಹಡಗು ಉತ್ತರ ಪೆಸಿಫಿಕ್ ಸಾಗರದ ಚಂಡಮಾರುತಕ್ಕೆ ಸಿಲುಕಿತು. ಜನವರಿ 26ರಂದು ಸುಮಾರು 50 ಅಡಿ ಎತ್ತರದ ಅಲೆಯೊಂದು ಬಂದು ಅಪ್ಪಳಿಸಿ, ಕಪ್ತಾನನ ನಿಯಂತ್ರಣ ಕೊಠಡಿಯ ಗಾಜು ಒಡೆಯಿತು. ನೀರು ಒಳನುಗ್ಗಿ ಯಂತ್ರಗಳು ಕೈಕೊಟ್ಟವು. ವಿದ್ಯಾರ್ಥಿಗಳೆಲ್ಲ ಜೀವರಕ್ಷಕ ಅಂಗಿ ತೊಟ್ಟು ಮೇಲಿನ ಅಂತಸ್ತುಗಳಿಗೆ ಬರಬೇಕೆಂಬ ಕರೆ ಕೇಳಿತು. ವಾಲಾಡುವ ಹಡಗಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ಕುಳಿತ ಆ ಮಕ್ಕಳ ಪಾಡು ಊಹಿಸಲು ಕಷ್ಟವೇನಲ್ಲ. ನಾವಿಕರ ದಕ್ಷತೆಯಿಂದ ಎಂಜಿನುಗಳು ಮತ್ತೆ ಚಾಲನೆಗೊಂಡು, ಹಡಗು ಹವಾಯಿಯ ಹೊನಲುಲುವನ್ನು ಸೇರಿತು. ಪ್ರಾಣಹಾನಿಯಾಗಲಿಲ್ಲ. ಸಾವನ್ನು ಸಮೀಪದಿಂದ ಕಂಡ ಬ್ರೌನ್‌ನಲ್ಲಿ ಒಂದು ಪ್ರಶ್ನೆ ನೆಟ್ಟಿತು: ನನ್ನ ಜೀವ ಉಳಿದದ್ದು ಯಾವುದಕ್ಕಾಗಿ?

ಪ್ರವಾಸಿಗರು ಹೋದಲ್ಲೆಲ್ಲ ಏನಾದರೊಂದು ಸ್ಮರಣಿಕೆಯನ್ನು ಕೊಂಡು ತರುತ್ತಾರೆ. ಬ್ರೌನ್ ವಸ್ತುವಿಗೆ ಬದಲಾಗಿ ಉತ್ತರಗಳನ್ನು ಸಂಗ್ರಹಿಸಲು ನಿಶ್ಚಯಿಸಿದ್ದ. ಪ್ರತಿ ದೇಶದಲ್ಲೂ ಒಂದು ಮಗುವನ್ನು ಮಾತನಾಡಿಸಿ, ಜಗತ್ತಿನಲ್ಲಿ ಏನನ್ನು ಬೇಕಾದರೂ ಪಡೆಯಬಹುದಾದರೆ ನಿನಗೆ ಬೇಕಾದುದೇನು ಎಂದು ಕೇಳುವುದು ಅವನ ಕ್ರಮ. ದೊಡ್ಡ ಮನೆ, ಕಾರು, ಹೊಸ ಯಂತ್ರ ಎಂಬ ಉತ್ತರ ಬಂದೀತೆಂದು ಅವನ ನಿರೀಕ್ಷೆ. ಬಂದ ಉತ್ತರಗಳೇ ಬೇರೆ. ಒಂದು ಮಗುವಿಗೆ ನರ್ತಿಸುವ ಆಸೆ. ಇನ್ನೊಂದಕ್ಕೆ ತಾಯಿ ಗುಣಮುಖಳಾದರೆ ಸಾಕು.

ಭಾರತದಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಒಬ್ಬ ಬಾಲಕನನ್ನು ಅವನು ಇದೇ ಪ್ರಶ್ನೆ ಕೇಳಿದ. ಬಾಲಕ ಕೊಟ್ಟ ಉತ್ತರ: ಒಂದು ಪೆನ್ಸಿಲ್. ಬ್ರೌನ್ ತನ್ನ ಚೀಲದಲ್ಲಿದ್ದ ಪೆನ್ಸಿಲನ್ನು ತೆಗೆದು ಅವನ ಕೈಗಿತ್ತ. ಬಾಲಕನ ಮುಖ ಅರಳಿತು. ಆ ಹುಡುಗ ಎಂದೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಅಲ್ಲಿಂದ ಮುಂದಕ್ಕೆ ಬ್ರೌನ್ ಹೋದಲ್ಲೆಲ್ಲ ಪೆನ್ಸಿಲು, ಪೆನ್ನುಗಳನ್ನು ಒಯ್ಯತೊಡಗಿದ. ಪದವಿ ಮುಗಿಸಿ, ಹೆಸರಾಂತ ಸಲಹಾ ಸಂಸ್ಥೆಯೊಂದರಲ್ಲಿ ಒಳ್ಳೆಯ ಸಂಬಳದ ಕೆಲಸಕ್ಕೂ ಸೇರಿದ. ಪ್ರಶ್ನೆ ಮಾತ್ರ ಬಿಡಲಿಲ್ಲ. 2008ರ ಅಕ್ಟೋಬರಿನಲ್ಲಿ ಬ್ಯಾಂಕಿನಲ್ಲಿ 25 ಡಾಲರ್ ಠೇವಣಿಯಿರಿಸಿ ‘ಪೆನ್ಸಿಲ್ಸ್ ಆಫ್ ಪ್ರಾಮಿಸ್’ ಎಂಬ ಸಂಸ್ಥೆಯನ್ನು ಆರಂಭಿಸಿದ. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ತನ್ನ ಅಜ್ಜಿಯ ಗೌರವಾರ್ಥವಾಗಿ ಒಂದು ಶಾಲೆಯನ್ನು ಕಟ್ಟಿಸಬೇಕೆಂಬುದಷ್ಟೇ ಅವನ ಮೊದಲ ಸಂಕಲ್ಪ. ಆ ಶಾಲೆ ಲಾವೋಸ್ ದೇಶದ ಒಂದು ಹಳ್ಳಿಯಲ್ಲಿ ಎದ್ದುನಿಂತಿತು. ಲಾವೋಸ್, ಗ್ವಾಟೆಮಾಲಾ, ನಿಕರಾಗುವಾ, ಘಾನಾ ದೇಶಗಳಲ್ಲಿ ಈ ಸಂಸ್ಥೆ ಕಟ್ಟಿದ ಶಾಲೆಗಳು ಈಗ ನೂರಾರು. ಹಣ ಸುರಿದು ಕಟ್ಟಡ ಎಬ್ಬಿಸಿ ಹೋಗುವುದು ಅದರ ರೀತಿಯಲ್ಲ. ಊರವರೂ ತಮ್ಮ ಶ್ರಮವನ್ನೋ ಸಾಮಗ್ರಿಯನ್ನೋ ಕೊಟ್ಟು ಪಾಲುಗಾರರಾಗಬೇಕೆಂಬುದು ಅಲ್ಲಿಯ ನಿಯಮ.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅದೇ ಹಡಗಿನಿಂದ ನೂರಾರು ವಿದ್ಯಾರ್ಥಿಗಳು ನಮ್ಮ ನೆಲದಲ್ಲಿ ಇಳಿದರು. ಭಿಕ್ಷೆ ಬೇಡುವ ಮಕ್ಕಳನ್ನು ಅವರೆಲ್ಲರೂ ಕಂಡಿರಲೇಬೇಕು. ಕಂಡದ್ದರಲ್ಲಿ ಭೇದವಿಲ್ಲ, ಕೇಳಿದ್ದರಲ್ಲಿ ಭೇದವಿದೆ. ಆ ಮಗುವಿಗೆ ಬೇಕಾದುದು ನಾಣ್ಯವೆಂದು ಮೊದಲೇ ತೀರ್ಮಾನಿಸಿದವನು ನಾಣ್ಯ ಕೊಟ್ಟು ಮುಂದೆ ಹೋಗುತ್ತಾನೆ. ತನಗೆ ತಿಳಿದಿಲ್ಲವೆಂದು ಒಪ್ಪಿಕೊಂಡವನು ಮಾತ್ರ ನಿಂತು ಕೇಳುತ್ತಾನೆ. ಸಾಕ್ರಟೀಸನು ಅಥೆನ್ಸಿನ ಬೀದಿಗಳಲ್ಲಿ ಬೋಧಿಸಿದ ತತ್ತ್ವಜ್ಞಾನದ ಆರಂಭಬಿಂದುವೂ ಇದೇ ಅಲ್ಲವೇ?

ಪಠ್ಯಪುಸ್ತಕವನ್ನು ಒರೆಗೆ ಹಚ್ಚಿದವರು

ಜಪಾನಿನ ಉದಾಹರಣೆ ಇನ್ನೂ ವಿಚಾರಾರ್ಹ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಏಷ್ಯಾದ ನೆರೆನಾಡುಗಳ ಮೇಲೆ ಜಪಾನು ನಡೆಸಿದ ಆಕ್ರಮಣದ ವಿವರಗಳನ್ನು ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಮೃದುಗೊಳಿಸಲಾಗುತ್ತಿದೆ ಎಂಬ ವಿವಾದ 1980ರ ದಶಕದ ಆರಂಭದಲ್ಲಿ ಎದ್ದಿತು. ಟೋಕಿಯೋದ ವಸೇಡಾ ವಿಶ್ವವಿದ್ಯಾನಿಲಯದ ಕೆಲವು ವಿದ್ಯಾರ್ಥಿಗಳು, ಪುಸ್ತಕ ಹೇಳದಿದ್ದರೆ ಆ ಜನರನ್ನೇ ಹೋಗಿ ಕೇಳೋಣ ಎಂದು ನಿಶ್ಚಯಿಸಿ, 1983ರಲ್ಲಿ ‘ಪೀಸ್ ಬೋಟ್’ ಎಂಬ ಶಾಂತಿಯಾನವನ್ನು ಆರಂಭಿಸಿದರು. ಮುಂದೆ ಅದು ಜಗತ್ತನ್ನೇ ಸುತ್ತತೊಡಗಿತು. ಹಿರೋಶಿಮಾ, ನಾಗಸಾಕಿಗಳ ಅಣುಬಾಂಬಿನಿಂದ ಬದುಕುಳಿದ ವೃದ್ಧರು 2008ರಿಂದೀಚೆಗೆ ಈ ಹಡಗಿನಲ್ಲಿ ದೇಶದೇಶಗಳಿಗೆ ಹೋಗಿ ತಾವು ಅನುಭವಿಸಿದ್ದನ್ನು ಹೇಳುತ್ತಿದ್ದಾರೆ.

ತಮ್ಮ ದೇಶದ ಕೋಶ ಹೇಳುವುದು ಪೂರ್ಣ ಸತ್ಯವೇ ಎಂದು ದೇಶ ಸುತ್ತಿ ಪರೀಕ್ಷಿಸಿದವರು ಇವರು. ತಮ್ಮವರು ಎಸಗಿದ ಅನ್ಯಾಯದ ಕಥೆಯನ್ನು ಅನ್ಯಾಯಕ್ಕೆ ಒಳಗಾದವರ ಬಾಯಿಂದಲೇ ಕೇಳಲು ಹೊರಡುವುದಕ್ಕೆ ಸಾಮಾನ್ಯ ಧೈರ್ಯ ಸಾಲದು.

ಬೆಲೆ ತೆರುವವರು ಯಾರು?

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಸೆಮಿಸ್ಟರ್ ಅಟ್ ಸೀ ಯಾನಕ್ಕೆ ತಗಲುವ ವೆಚ್ಚ ಹತ್ತಾರು ಸಾವಿರ ಡಾಲರುಗಳು. ವಿದ್ಯಾರ್ಥಿವೇತನಗಳಿದ್ದರೂ, ಹೆಚ್ಚಿನವರು ಉಳ್ಳವರ ಮಕ್ಕಳೇ. ಒಂದು ದೇಶದಲ್ಲಿ ನಾಲ್ಕೈದು ದಿನ ತಂಗಿ, ತಾಜಮಹಲನ್ನು ಕಂಡು, ಚಿತ್ರ ತೆಗೆದುಕೊಂಡು ಹೋದವರು ಭಾರತವನ್ನು ಅರಿತರೆನ್ನಬಹುದೇ ಎಂದು ಟೀಕಾಕಾರರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಇದು ವಿದ್ಯಾರ್ಜನೆಯ ವೇಷ ತೊಟ್ಟ ವಿಹಾರಯಾತ್ರೆ ಎಂಬ ಆಕ್ಷೇಪ 1926ರಿಂದಲೂ ಈ ಹಡಗುಗಳ ಬೆನ್ನು ಹತ್ತಿದೆ.

ಹಣಕ್ಕಿಂತ ದೊಡ್ಡ ಬೆಲೆ ತೆತ್ತವರೂ ಇದ್ದಾರೆ. 1996ರ ಮಾರ್ಚ್ 27ರಂದು ದೆಹಲಿ ಆಗ್ರಾ ಹೆದ್ದಾರಿಯಲ್ಲಿ ಈ ಯಾನದ ವಿದ್ಯಾರ್ಥಿಗಳಿದ್ದ ಬಸ್ಸು ಉರುಳಿ ನಾಲ್ವರು ವಿದ್ಯಾರ್ಥಿಗಳು ಅಸುನೀಗಿದರು. ಅವರನ್ನು ಬೀಳ್ಕೊಟ್ಟ ಹೆತ್ತವರು ಎಷ್ಟು ಕನಸು ಕಂಡಿದ್ದರೋ! ಪರದೇಶಕ್ಕೆ ಕಳುಹಿಸುವ ಸಂಸ್ಥೆಗಳು ಮಕ್ಕಳ ಸುರಕ್ಷತೆಯ ಲೆಕ್ಕ ಒಪ್ಪಿಸಬೇಕೆಂಬ ಒತ್ತಾಯ ಇಂಥ ಸಾವುಗಳಿಂದ ಬಲಗೊಂಡಿತು. ಕಡಲ ಮಹಾ ಅಲೆಯಿಂದ ಒಂದು ಹಡಗು ಪಾರಾಯಿತು. ನೆಲದ ಮೇಲಿನ ರಾತ್ರಿಯ ಬಸ್ಸು ಪಾರಾಗಲಿಲ್ಲ. ಮಕ್ಕಳನ್ನು ದೂರ ಕಳುಹಿಸುವ ಪಾಲಕರು ಕಾಲೇಜಿನ ಹೆಸರನ್ನು ವಿಚಾರಿಸುವಂತೆಯೇ ಇರುವ ವಸತಿ, ಪ್ರಯಾಣದ ಏರ್ಪಾಡು, ಆಪತ್ತಿನಲ್ಲಿ ನೆರವಾಗುವವರು ಯಾರೆಂಬುದನ್ನು ವಿಚಾರಿಸುವುದು ಅವಿಶ್ವಾಸವಲ್ಲ, ಕರ್ತವ್ಯ.

ಕಲಿಕೆಯ ಗುರುತು

ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ಯೇಸುಸಭೆಯ ವಿದ್ಯಾಲಯದಲ್ಲಿ ಶಿಕ್ಷಣ ಪಡೆದವನು. ಪಾಠಗಳು ಮುಗಿದ ಮೇಲೆ ಪುಸ್ತಕಗಳನ್ನು ಬದಿಗಿಟ್ಟು, ಜಗತ್ತನ್ನೇ ಒಂದು ಮಹಾಗ್ರಂಥವೆಂದು ಬಗೆದು ಹಲವು ವರ್ಷ ದೇಶಾಟನೆ ಮಾಡಿದ ಸಂಗತಿಯನ್ನು ತನ್ನ 1637ರ ಕೃತಿಯಲ್ಲಿ ಅವನು ವಿವರಿಸಿದ್ದಾನೆ. ಆ ಅಲೆದಾಟದಿಂದ ಅವನಿಗೆ ದೊರೆತ ಲಾಭವೇನು? ನಮಗೆ ವಿಚಿತ್ರವೆಂದು ತೋರುವ ಆಚಾರಗಳನ್ನು ಇತರ ಜನಾಂಗಗಳು ಸಹಜವೆಂದು ಪಾಲಿಸುವುದನ್ನು ಕಂಡು, ರೂಢಿಯಿಂದ ಮಾತ್ರ ನಂಬಿದ್ದನ್ನು ಪರಮಸತ್ಯವೆಂದು ಹಿಡಿಯಬಾರದೆಂಬ ವಿವೇಕ ಮೂಡಿತು. ಅತಿಯಾಗಿ ಸುತ್ತುವವನು ಕಡೆಗೆ ತನ್ನ ನಾಡಿನಲ್ಲೇ ಪರಕೀಯನಾಗುತ್ತಾನೆಂಬ ಎಚ್ಚರವನ್ನೂ ಅವನೇ ನೀಡಿದ್ದಾನೆ.

ಆದುದರಿಂದ ಪ್ರಯಾಣದ ಬೆಲೆಯನ್ನು ಮೈಲಿಗಳಲ್ಲಿ ಅಳೆಯಲಾಗದು. ಹೊರಟಾಗ ಇದ್ದ ಪೂರ್ವಗ್ರಹಗಳೊಂದಿಗೇ ಮರಳಿದವನು ಜಗತ್ತು ಸುತ್ತಿದರೂ ಮನೆಬಿಟ್ಟು ಹೊರಟಿಲ್ಲ. ಬೇರೊಬ್ಬ ಮನುಷ್ಯನ ಉತ್ತರಕ್ಕೆ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡವನು ನಾಲ್ಕು ಹೆಜ್ಜೆ ನಡೆದಿದ್ದರೂ ಕಲಿತಿದ್ದಾನೆ.

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಹಡಗು ಹೊಸದಲ್ಲ. ಅದು ವಿದ್ಯೆಯ ತಾಣವಾಗಿ ಅಲ್ಲ, ದುಡಿಮೆಯ ತಾಣವಾಗಿ ಪರಿಚಿತ. ಅಡುಗೆಮನೆಯಲ್ಲೋ ಯಂತ್ರದ ಕೋಣೆಯಲ್ಲೋ ದುಡಿದು, ತಿಂಗಳುಗಟ್ಟಲೆ ಕಡಲಿನಲ್ಲಿ ಕಳೆದು, ರಜೆಯಲ್ಲಿ ಮನೆಗೆ ಬರುವ ಮಗ, ಅಳಿಯ, ಚಿಕ್ಕಪ್ಪಂದಿರು ನಮ್ಮಲ್ಲಿದ್ದಾರೆ. ಅವರು ಹತ್ತು ದೇಶದ ಜನರೊಡನೆ ಒಂದೇ ಮೇಜಿನಲ್ಲಿ ಉಂಡವರು, ಬಿರುಗಾಳಿಯನ್ನು ಕಂಡವರು. ಅವರು ತಂದ ಚಾಕಲೇಟು, ಸಾಬೂನು, ಸುಗಂಧಗಳ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ನಾವು, ಅವರ ಅನುಭವದ ಪೆಟ್ಟಿಗೆಯನ್ನು ಬಿಚ್ಚಲು ಎಂದಾದರೂ ಕೇಳಿಕೊಂಡದ್ದುಂಟೇ? ಲಕ್ಷಾಂತರ ರೂಪಾಯಿ ತೆತ್ತು ಅಮೆರಿಕದ ವಿದ್ಯಾರ್ಥಿ ಅರಸಿ ಹೋಗುವ ಲೋಕಜ್ಞಾನದ ಒಂದಂಶ ನಮ್ಮ ಜಗಲಿಯಲ್ಲೇ ಕುಳಿತಿರಬಹುದು.

ವಿದೇಶಕ್ಕೆ ಹೋದ ಮಕ್ಕಳು ರಜೆಗೆ ಬಂದಾಗ ಅಂಕವೆಷ್ಟು, ಸಂಬಳವೆಷ್ಟು ಎಂದು ಕೇಳುವುದು ಸಹಜ, ಕೇಳೋಣ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳೋಣ: ಅಲ್ಲಿ ನೀನು ಯಾರನ್ನು ಏನು ಕೇಳಿದೆ? ಅವರು ಕೊಟ್ಟ ಉತ್ತರದಿಂದ ನಿನ್ನ ಯಾವ ಅಭಿಪ್ರಾಯ ಬದಲಾಯಿತು? ಅದಕ್ಕೆ ಅವರ ಬಳಿ ಉತ್ತರವಿದ್ದರೆ, ನಾವು ತೆಗೆದ ಸಾಲವೂ ಸುರಿಸಿದ ಬೆವರೂ ಸಾರ್ಥಕ.